ಚೆನ್ನಾಗಿ ಸಿಗುವ ನರ

ಮನುಷ್ಯನು ತನ್ನ ದೇಹವನ್ನು ಅರಿಯದೆ ಹುಟ್ಟಿ, ಅರಿಯದೆ ಬಾಳಿ, ಅರಿಯದೆಯೇ ಒಂದು ದಿನ ಅದನ್ನು ಬಿಟ್ಟು ಹೋಗುತ್ತಾನೆ. ಹೀಗೆ ಹೇಳಿದ ಜ್ಞಾನಿಗಳು ಅನೇಕರಿದ್ದಾರೆ. ಅವರಲ್ಲಿ ಒಬ್ಬರೂ ಫಸ್ಟ್ ಇಯರ್ ಫಿಸಿಯೋಥೆರಪಿಯ ಅನಾಟಮಿ ಪರೀಕ್ಷೆಗೆ ಕೂತವರಲ್ಲ. ಕೂತಿದ್ದರೆ, ಏನೂ ಅರಿಯದಿರುವುದಕ್ಕಿಂತ ಅರ್ಧ ಅರಿಯುವುದು ಹೆಚ್ಚು ಅಪಾಯ ಎಂದು ಇನ್ನೊಂದು ಸಾಲು ಸೇರಿಸಿ ಕೈ ತೊಳೆದುಕೊಳ್ಳುತ್ತಿದ್ದರು.

ಹೋದ ತಿಂಗಳು ಅಡುಗೆಮನೆಯ ಕಪಾಟಿಗೆ ಪ್ಲೈವುಡ್ ನೋಡಲೆಂದು ಕುಣಿಗಲ್ಲಿನಿಂದ ತುಮಕೂರಿಗೆ ಹೋಗಿದ್ದೆ. ಬಟವಾಡಿಯಲ್ಲಿ ಒಂದು ಅಂಗಡಿಗೆ ಕಾಲಿಟ್ಟದ್ದೇ ಕಣ್ಣು ಉರಿದು ನೀರು ಸುರಿಯತೊಡಗಿತು. ಹೊಸ ಪ್ಲೈವುಡ್ಡಿನ ಅಂಟಿಗೂ, ಹೆಣ ಕೆಡದಂತೆ ಇಡುವ ಫಾರ್ಮಲಿನ್ನಿಗೂ ಹತ್ತಿರದ ನೆಂಟಸ್ತಿಕೆ. ಹೊಸ ಮಾಲು ಸಾರ್, ವಾಸನೆ ಒಂದು ವಾರಕ್ಕೆ ಹೋಗುತ್ತೆ ಎಂದು ಅಂಗಡಿಯವನು ಸಮಾಧಾನ ಹೇಳಿದ. ನಾನು ಕಣ್ಣೊರೆಸಿಕೊಂಡು ಕಟ್ಟಡ ನೋಡಿದೆ. ಕಿಟಕಿಗಳು ಬದಲಾಗಿದ್ದವು, ಕಂಬಗಳು ಅವೇ. ತೊಂಬತ್ತೇಳನೇ ಇಸವಿಯಲ್ಲಿ ನಮ್ಮ ಫಿಸಿಯೋಥೆರಪಿ ಕಾಲೇಜು ಈ ಬಾಡಿಗೆ ಕಟ್ಟಡದಲ್ಲಿತ್ತು. ಈಗ ಬಾಗಿಲ ಹಲಗೆಗಳನ್ನು ಒರಗಿಸಿಟ್ಟಿದ್ದ ಜಾಗದಲ್ಲಿ ನಾವು ಹೆಣ ಕೊಯ್ದು ಕಲಿಯುತ್ತಿದ್ದ ಡಿಸೆಕ್ಷನ್ ಹಾಲಿನ ಕಲ್ಲಿನ ಮೇಜು ಇತ್ತು.

ಆ ಮೇಜಿನ ಮೇಲೆ ಮಲಗಿದ್ದಾತನಿಗೆ ಆಗಬೇಕಾದದ್ದೆಲ್ಲ ಆಗಿಹೋಗಿತ್ತು. ಅವನ ವಿಷಯ ಬಿಡಿ. ಪ್ಲೈವುಡ್ಡಿನ ನಡುವೆ ನಿಂತು ನಾನು ನೆನೆಸಿಕೊಂಡದ್ದು ಮೇಜಿನ ಪಕ್ಕದಲ್ಲಿ ಅಂಗಿಯ ತೋಳು ಮಡಚಿ ನಿಲ್ಲುತ್ತಿದ್ದ ರಂಗಸ್ವಾಮಿಯನ್ನು, ಅದರಲ್ಲೂ ಅವನ ಬಲಗೈಯನ್ನು. ಆ ಕೈ ಉಳಿಯುತ್ತದೋ ಹೋಗುತ್ತದೋ ಎಂಬುದು ಆ ಒಂದು ವರ್ಷದಲ್ಲಿ ತೀರ್ಮಾನವಾಯಿತು. ತೀರ್ಮಾನ ನಡೆಯುತ್ತಿದೆ ಎಂದು ಮಾತ್ರ ಅಲ್ಲಿದ್ದ ಯಾರಿಗೂ ತಿಳಿದಿರಲಿಲ್ಲ.

ನಾವು ಸೇರಿದ್ದು ಆಷಾಢದಲ್ಲಿ. ಹೆದ್ದಾರಿಯ ಕಡೆಯಿಂದ ಹಗಲೆಲ್ಲ ಗಾಳಿ ಬೀಸಿ, ಲಾರಿಯ ಧೂಳನ್ನೂ ಎದುರಿನ ಹೋಟೆಲಿನ ಬೋಂಡದ ವಾಸನೆಯನ್ನೂ ತಂದು ಹೆಣದ ವಾಸನೆಯೊಂದಿಗೆ ಕಲಸುತ್ತಿತ್ತು. ಅಕ್ಕಪಕ್ಕದವರು ನಮ್ಮದು ಔಷಧಿ ಗೋದಾಮು ಎಂದು ನಂಬಿದ್ದರು. ಆ ನಂಬಿಕೆಗೆ ಭಂಗ ತರಬಾರದೆಂದು ಕಾಲೇಜಿನವರು ಹಿಂದಿನ ಬಾಗಿಲಿಗೆ ಪರದೆ ಹಾಕಿದ್ದರು. ಒಳಗೆ ಒಂದು ಮೇಜು, ಒಂದು ತೊಟ್ಟಿ, ಸ್ಟೀಲ್ ತಟ್ಟೆಗಳಲ್ಲಿ ಯಕೃತ್ತು, ಗುಲ್ಮ, ಮೂತ್ರಪಿಂಡ, ಬಿಳಿ ಬಕೆಟ್ಟಿನಲ್ಲಿ ಒಂದು ಮೆದುಳು. ಮನುಷ್ಯನ ಸಕಲ ಬುದ್ಧಿಯೂ ಮುಚ್ಚಳವಿಲ್ಲದ ಬಕೆಟ್ಟಿನಲ್ಲಿ ಹಿಡಿಸುತ್ತದೆ ಎಂಬ ಸತ್ಯ ನನಗೆ ಮೊದಲ ವಾರವೇ ದರ್ಶನವಾಯಿತು. ಆಮೇಲೆ ಎರಡು ದಿನ ಕೋಸಂಬರಿ ತಿನ್ನಲಾಗಲಿಲ್ಲ.

ಪಾಠ ಹೇಳುತ್ತಿದ್ದವರು ನಂಜುಂಡಯ್ಯನವರು. ಎಲ್ಲೋ ದೊಡ್ಡ ಕಾಲೇಜಿನಲ್ಲಿ ಅನಾಟಮಿ ಪ್ರೊಫೆಸರ್ ಆಗಿದ್ದು ರಿಟೈರಾದವರು. ಪಾಠ ಇಂಗ್ಲಿಷಿನಲ್ಲಿ, ಕೋಪ ಕನ್ನಡದಲ್ಲಿ. ಎರಡೂ ಕಣ್ಣಿಗೆ ಪೊರೆ ಬಂದಿದ್ದರೂ ಸತ್ತವರ ದೇಹದಲ್ಲಿ ಯಾವ ನರ ಎಲ್ಲಿ ತಿರುಗುತ್ತದೆ ಎಂದು ಕಣ್ಣು ಮುಚ್ಚಿ ಹೇಳಬಲ್ಲವರು, ಬದುಕಿದ್ದವರನ್ನು ಮುಟ್ಟಿದವರಲ್ಲ. ಬದುಕಿದ್ದವರು ಅಲ್ಲಾಡುತ್ತಾರೆ ಎಂಬುದು ಅವರ ಆಕ್ಷೇಪಣೆ. ಅವರದೊಂದು ಶಾಸನವಿತ್ತು. ಒಮ್ಮೆ ನಮ್ಮ ಬ್ಯಾಚಿನ ಗಿರಿಜಾ, ಎಲ್ಲ ಪರೀಕ್ಷೆಯಲ್ಲೂ ಮೊದಲು ಬರುತ್ತಿದ್ದ ಹುಡುಗಿ, ಯಕೃತ್ತು ಊದಿಕೊಂಡರೆ ಹೇಗಿರುತ್ತೆ ಸಾರ್ ಎಂದು ಕೇಳಿದಾಗ, ಎಲೆಗೆ ಉಪ್ಪು ಬಡಿಸುವ ಮೊದಲೇ ಮಜ್ಜಿಗೆ ಕೇಳಿದವಳನ್ನು ನೋಡುವಂತೆ ನೋಡಿ ಅವರು ಆ ಶಾಸನವನ್ನು ಹೊರಡಿಸಿದರು.

"ಫಸ್ಟ್ ಇಯರ್‌ನಲ್ಲಿ ಕಾಯಿಲೆ ಇಲ್ಲಮ್ಮ. ಕಾಯಿಲೆ ಎಲ್ಲ ಸೆಕೆಂಡ್ ಇಯರ್‌ಗೆ. ಈಗ ನಿಮಗೆ ನಾರ್ಮಲ್ ಮಾತ್ರ."

ನಾವು ಅದನ್ನು ವೇದವಾಕ್ಯದಂತೆ ತಲೆಯ ಮೇಲಿಟ್ಟುಕೊಂಡೆವು. ಆ ಕಟ್ಟಡದೊಳಗೆ ಬಂದವರೆಲ್ಲ, ಮೇಜಿನ ಮೇಲಿದ್ದವನೂ ಸೇರಿ, ಆರೋಗ್ಯವಂತರೇ.

ರಂಗಸ್ವಾಮಿ ಗುಬ್ಬಿ ತಾಲ್ಲೂಕಿನ ಹಾಗಲವಾಡಿಯವನು. ಎತ್ತರದ ಆಳು, ದೊಡ್ಡ ನಗು. ಕನ್ನಡ ಮೀಡಿಯಮ್ಮಿನಿಂದ ಬಂದವನಾದ್ದರಿಂದ ಇಂಗ್ಲಿಷ್ ಪುಸ್ತಕ ತೆರೆದರೆ ಮುಖ ಮಸುಕಾಗುತ್ತಿತ್ತು. ಟೆಸ್ಟುಗಳಲ್ಲಿ ಅವನ ಹೆಸರನ್ನು ಕೆಳಗಿನಿಂದ ಹುಡುಕುವುದು ಸುಲಭ. ನಾನೂ ಅವನೂ ಬಟವಾಡಿಯಲ್ಲೇ ಒಂದು ರೂಮಿನಲ್ಲಿದ್ದೆವು. ಕುಣಿಗಲ್ಲಿನವನೆಂಬ ಒಂದೇ ಅಪರಾಧಕ್ಕೆ ಅವನು ನನಗೆ ಕುದುರೆ ಎಂದು ಹೆಸರಿಟ್ಟಿದ್ದ. ನಮ್ಮೂರಿನ ಕುದುರೆ ಫಾರಂ ಅಷ್ಟು ದೂರದವರೆಗೂ ಹೆಸರುವಾಸಿಯಾಗಿದ್ದುದು ನನ್ನ ದುರದೃಷ್ಟ.

ಹೆಣದ ನರ ಹುಡುಕುವುದು ಕಣ್ಣೀರಿನ ಕೆಲಸ. ಮಾಸಿದ ದಾರದಂತೆ ಇರುತ್ತದೆ. ನರವೆಂದು ನಾರನ್ನು ಕಾಪಾಡಿ, ನಾರೆಂದು ನರವನ್ನು ಕತ್ತರಿಸಿ, ಆಮೇಲೆ ಅದು ಮೊದಲಿನಿಂದಲೂ ತುಂಡಾಗಿಯೇ ಇತ್ತು ಸಾರ್ ಎನ್ನುವುದು ವಾಡಿಕೆ. ಬದುಕಿದ್ದವರಲ್ಲಿ ಹುಡುಕುವುದು ಇನ್ನೊಂದು ಪಾಠ. ಫಿಸಿಯೋಥೆರಪಿಯವರು ಜೀವನವೆಲ್ಲ ಮಾಡಬೇಕಾದದ್ದು ಅದೇ, ಮೂಳೆ ಸ್ನಾಯು ನರಗಳನ್ನು ಚರ್ಮದ ಮೇಲಿನಿಂದಲೇ ಬೆರಳಲ್ಲಿ ಗುರುತಿಸುವುದು. ಅದಕ್ಕೆ ನಾವೇ ಒಬ್ಬರ ಮೇಲೊಬ್ಬರು ಅಭ್ಯಾಸ ಮಾಡುವ ಪದ್ಧತಿ. ಹುಡುಗರು ಹುಡುಗರ ಮೇಲೆ, ಹುಡುಗಿಯರು ಹುಡುಗಿಯರ ಮೇಲೆ. ಮೊಣಕೈ ಮಾತ್ರ ಮರ್ಯಾದಸ್ಥ ಅಂಗವೆಂದು ತೀರ್ಮಾನವಾಗಿದ್ದರಿಂದ ಯಾರು ಯಾರದನ್ನು ಬೇಕಾದರೂ ಮುಟ್ಟಬಹುದಿತ್ತು.

ಮೊಣಕೈಯ ಒಳಬದಿಯ ಮೂಳೆಯ ಹಿಂದೆ ಒಂದು ನರ ಹಾಯುತ್ತದೆ. ಬಾಗಿಲಿಗೆ ತಾಗಿದರೆ ಕಿರುಬೆರಳಿನವರೆಗೆ ಕರೆಂಟ್ ಹೊಡೆದಂತಾಗುವುದು ಅದೇ. ಅಲ್ನಾರ್ ನರ ಎಂದು ಹೆಸರು. ನಮ್ಮ ನಮ್ಮ ಮೊಣಕೈಗಳಲ್ಲಿ ಅದು ಸಿಕ್ಕಂತೆ ಮಾಡಿ ಜಾರಿಹೋಗುತ್ತಿತ್ತು. ಸರದಿಯಲ್ಲಿ ನಾನು ರಂಗನ ಬಲಗೈ ಹಿಡಿದೆ. ಬೆರಳು ಇಟ್ಟದ್ದೇ ತಡ, ಬಾವಿ ಹಗ್ಗದಂಥದ್ದೊಂದು ತಾನಾಗಿ ಬೆರಳಿನಡಿ ಬಂದು ನಿಂತಿತು.

"ಏನ್ಲಾ ಇದು ಇಷ್ಟ್ ದಪ್ಪ?" ಎಂದೆ.

"ಹಾಗಲವಾಡಿ ರಾಗಿ ತಿಂದಿರೋ ನರ ಕಣ್ಲಾ ಕುದ್ರೆ. ನಿಮ್ಮಂಗೆ ಅನ್ನ ತಿಂದಿದ್ದಲ್ಲ."

ಎಲ್ಲರೂ ಬಂದು ಮುಟ್ಟಿ ನೋಡಿದರು. ಎಲ್ಲರಿಗೂ ಸಿಕ್ಕಿತು. ಬೆರಳಿನಿಂದ ತಟ್ಟಿದರೆ ನಾವೆಲ್ಲ ಹೌಹಾರಿ ಕೈ ಎಳೆದುಕೊಳ್ಳುತ್ತಿದ್ದೆವು. ರಂಗ ಕಲ್ಲುಕಂಬದಂತೆ ನಿಂತಿದ್ದ. ಅದನ್ನೂ ಅವನ ಗುಣವೆಂದೇ ಲೆಕ್ಕಕ್ಕೆ ಹಿಡಿದೆವು. ಎಡಗೈಯಲ್ಲಿ ಹುಡುಕಿದಾಗ ನಮ್ಮೆಲ್ಲರದಂತೆಯೇ ತೆಳ್ಳಗೆ ಜಾರಿತು. ಗಿರಿಜಾ ತೀರ್ಪು ಕೊಟ್ಟಳು, ಎಡಗಡೆಯದು ವೀಕು, ಎಲ್ಲರೂ ಬಲಗಡೆಯದನ್ನೇ ನೋಡಿಕೊಳ್ಳಿ ಎಂದು. ಕತ್ತು ತಿರುಗಿಸಿದರೆ ಕಿವಿಯ ಕೆಳಗೆ ಅಡ್ಡಕ್ಕೆ ಇನ್ನೊಂದು ನರ ಚರ್ಮದಡಿ ಎದ್ದು ಕಾಣುತ್ತಿತ್ತು. ಪುಸ್ತಕದ ಚಿತ್ರದಲ್ಲಿ ಹಳದಿ ಬಣ್ಣದಲ್ಲಿ ಬರೆದಿದ್ದದ್ದು ಅವನ ಕತ್ತಿನಲ್ಲಿ ಬಣ್ಣವಿಲ್ಲದೆ ಇತ್ತು, ಅಷ್ಟೇ ವ್ಯತ್ಯಾಸ. ನಂಜುಂಡಯ್ಯನವರಿಗೆ ವರದಿ ಒಪ್ಪಿಸಿದೆವು. ಅವರು ಕುರ್ಚಿಯಿಂದಲೇ ಪೊರೆಗಣ್ಣು ಕಿರಿದು ಮಾಡಿ, "ಹೂಂ, ಲಿವಿಂಗ್ ಅನಾಟಮಿ ಅಂದರೆ ಹಾಗಿರಬೇಕು" ಎಂದರು. ಪ್ರಾಕ್ಟಿಕಲ್ ಪರೀಕ್ಷೆಗೆ ರಂಗಸ್ವಾಮಿಯೇ ಮಾಡೆಲ್ ಎಂದು ಆ ದಿನವೇ ನಿಶ್ಚಯವಾಯಿತು.

ಅವನ ನಡಿಗೆ ಬದಲಾಯಿತು. ಟೆಸ್ಟಿನಲ್ಲಿ ಕೆಳಗಿದ್ದವನು ಹಾಲಿನಲ್ಲಿ ಅನಿವಾರ್ಯನಾದ. ಮೇಲಿನ ಅಂತಸ್ತಿನ ನರ್ಸಿಂಗ್ ಹುಡುಗಿಯರೂ ಅನುಮತಿ ಪಡೆದು ಅವನ ಮೊಣಕೈ ದರ್ಶನಕ್ಕೆ ಬರತೊಡಗಿದರು. ತೋಳು ಮಡಚಿ, ಗಂಭೀರವಾಗಿ, ಉತ್ಸವಮೂರ್ತಿಯಂತೆ ನಿಲ್ಲುತ್ತಿದ್ದ. ನಾವು ಮುಟ್ಟಿ ಮುಟ್ಟಿ ಕಲಿತೆವು. ನರವೆಂದರೆ ಹೀಗಿರುತ್ತದೆ ಎಂದು ನಮ್ಮ ಬೆರಳುಗಳಿಗೆ ಮೊದಲು ಹೇಳಿಕೊಟ್ಟದ್ದು ಆ ನರ. ಅದಕ್ಕಿಂತ ತೆಳ್ಳಗಿದ್ದದ್ದೆಲ್ಲ ನಮಗೆ ಕೊರತೆಯಾಗಿ ಕಂಡಿತು.

ದೀಪಾವಳಿಯ ಹೊತ್ತಿಗೆ ಅವನಿಗೆ ಇನ್ನೊಂದು ಕೀರ್ತಿ ಬಂತು. ಎದುರಿನ ಹೋಟೆಲಿನಲ್ಲಿ ಕುದಿಯುವ ಚಹಾ ಸ್ಟೀಲ್ ಲೋಟದಲ್ಲಿ ಕೊಡುತ್ತಿದ್ದರು. ನಾವು ಅಂಗಿಯ ಅಂಚಿನಲ್ಲಿ ಹಿಡಿದು ಉಫ್ ಉಫ್ ಎನ್ನುತ್ತಿದ್ದರೆ ಅವನು ಅಂಗೈಯ ಅಂಚಿಗೆ ಒತ್ತಿ ಹಿಡಿದು ಆರಾಮವಾಗಿ ಮಾತಾಡುತ್ತಿದ್ದ. ಎಷ್ಟು ಹೊತ್ತು ಹಿಡಿಯುತ್ತಾನೆ ಎಂದು ಬೋಂಡ ಪಣ ಕಟ್ಟಿ ನಾವೆಲ್ಲ ಸೋತಿದ್ದೇವೆ. ರೂಮಿನಲ್ಲಿ ಸೀಮೆಎಣ್ಣೆ ಸ್ಟೌವಿನಿಂದ ಅನ್ನದ ಪಾತ್ರೆ ಇಳಿಸುವುದು ಅವನ ಇಲಾಖೆ. ಬಟ್ಟೆ ಹುಡುಕುವ ಗೋಜು ನಮಗಿರಲಿಲ್ಲ. ಒಂದು ಬೆಳಿಗ್ಗೆ ಅವನ ಬಲ ಅಂಗೈಯ ಅಂಚಿನಲ್ಲಿ ದೊಡ್ಡ ಬೊಬ್ಬೆ ಎದ್ದಿತ್ತು. ಇದ್ಯಾವಾಗಾಯ್ತೋ ಎಂದು ಅವನೇ ಆಶ್ಚರ್ಯಪಟ್ಟು ಟೂತ್‌ಪೇಸ್ಟ್ ಹಚ್ಚಿಕೊಂಡ. ತನ್ನ ಕೈ ಸುಟ್ಟದ್ದು ತನಗೇ ತಿಳಿಯಲಿಲ್ಲ ಎಂಬ ಸಂಗತಿಯನ್ನು ಅವನು ಶೌರ್ಯದ ಕಥೆಯಾಗಿ ಹೇಳಿದ, ನಾವು ಶೌರ್ಯದ ಕಥೆಯಾಗಿಯೇ ಕೇಳಿದೆವು.

ಸಂಕ್ರಾಂತಿಗೆ ನನ್ನನ್ನು ಊರಿಗೆ ಕರೆದುಕೊಂಡು ಹೋದ. ಗುಬ್ಬಿಯಲ್ಲಿ ಬಸ್ಸು ಬದಲಾಯಿಸಿ ಹಾಗಲವಾಡಿಯಲ್ಲಿ ಇಳಿದಾಗ ಹೊಲಗಳ ಮೇಲಿನ ಇಬ್ಬನಿ ಇನ್ನೂ ಆರಿರಲಿಲ್ಲ. ಅವನ ತಾಯಿ ಸಣ್ಣ ಆಳು, ಮಾತು ಕಡಿಮೆ. ಅವರೆಕಾಳಿನ ಸಾರು, ಮುದ್ದೆ ಬಡಿಸಿ, ಉಂಡಾದ ಮೇಲೆ ಮಗನ ಅಂಗಿಯ ತೋಳು ಮೇಲಕ್ಕೆ ಸರಿಸಿ ನನಗೆ ತೋರಿಸಿದರು. ತೋಳಿನ ಹಿಂಬದಿಯಲ್ಲಿ ಅಂಗೈಯಗಲ ಮಾಸಲು ಬಿಳುಪಿನ ಮಚ್ಚೆ. ಅಲ್ಲಿ ರೋಮವಿರಲಿಲ್ಲ.

"ಅಪ್ಪ, ನೀವು ಡಾಕ್ಟ್ರಿಕೆ ಓದೋರು. ತದ್ದು ಅಂತ ಮುಲಾಮು ಹಚ್ಚಿದೆ, ಹೋಗ್ಲಿಲ್ಲ. ಮುಟ್ಟಿದ್ರೆ ಗೊತ್ತಾಗಲ್ಲ ಅಂತಾನೆ. ಏನಿದು ನೋಡು."

ನಾನು ಬಾಯಿ ತೆರೆಯುವ ಮೊದಲೇ ರಂಗ ತೋಳು ಇಳಿಸಿಕೊಂಡ. "ಚರ್ಮ ನಮ್ಗೆ ಸೆಕೆಂಡ್ ಇಯರ್‌ಗೆ ಕಣವ್ವ. ಬುಡು ಅತ್ಲಾಗೆ."

"ಅಲ್ಲೀಗಂಟ ಅದು ಕಾಯ್ತೈತಾ?" ಎಂದರು ಆಕೆ.

ನಾವಿಬ್ಬರೂ ನಕ್ಕೆವು. ಆಕೆ ನಗಲಿಲ್ಲ, ಎಲೆ ಎತ್ತಿಕೊಂಡು ಹಿತ್ತಲಿಗೆ ಹೋದರು.

ಶಿವರಾತ್ರಿ ಕಳೆದು ಬಿಸಿಲು ಬಲಿತಾಗ ಕೈ ತಾನಾಗಿ ಮಾತಾಡತೊಡಗಿತು. ಡಿಸೆಕ್ಷನ್ ಹಾಲಿನ ಸೆಕೆಗೆ ನಮ್ಮೆಲ್ಲರ ಅಂಗೈ ಬೆವರಿ ಹಾಳೆ ಒದ್ದೆಯಾಗುತ್ತಿದ್ದರೆ ಅವನ ಬಲಗೈಯ ಕಿರುಬೆರಳಿನ ಕಡೆ ಬೇಸಿಗೆಯ ಕೆರೆಯಂಗಳದಂತೆ ಒಣಗಿ ಬಿರಿದಿರುತ್ತಿತ್ತು. ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ, ಕೈಯ ಹಿಂಬದಿಯಲ್ಲಿ, ಒಂದು ಹಳ್ಳ ಬಿದ್ದಿತ್ತು. ಅಂಗಿಯ ಗುಂಡಿ ಹಾಕಲು ಅವನಿಗೆ ನನಗಿಂತ ಹೆಚ್ಚು ಹೊತ್ತು ಬೇಕಾಯಿತು. ಮುದ್ದೆ ಮುರಿಯುವಾಗ ಕಿರುಬೆರಳು ಜೊತೆಗೂಡದೆ, ಮುನಿಸಿಕೊಂಡ ನೆಂಟನಂತೆ ಬೇರೆಯಾಗಿ ನಿಲ್ಲುತ್ತಿತ್ತು. ಆಮೇಲೆ ಕಿರುಬೆರಳೂ ಉಂಗುರಬೆರಳೂ ಒಳಕ್ಕೆ ಬಾಗಿಕೊಂಡವು. ಕೇಳಿದರೆ ಬರೆದೂ ಬರೆದೂ ಹೀಗಾಗಿದೆ ಎಂದ. ಬರೆಯುವವರು ನಾವೆಲ್ಲರೂ ಇದ್ದೆವು. ನಮ್ಮಲ್ಲಿ ಅವನೇ ಕಡಿಮೆ ಬರೆಯುತ್ತಿದ್ದವನು. ಹಾಲಿನ ಹೊರಗೆ ಆ ಕೈ ಸದಾ ಪ್ಯಾಂಟಿನ ಜೇಬಿನಲ್ಲಿರತೊಡಗಿತು.

"ಮಾಡೆಲ್ ಕೆಲ್ಸ ಬೇರೆಯವ್ರಿಗೆ ಕೊಟ್ರೆ ನಂಗೇನ್ಲಾ ಉಳೀತದೆ ಇಲ್ಲಿ?" ಎಂದು ಒಮ್ಮೆ ಕೇಳಿದ. ನಗುತ್ತಲೇ ಕೇಳಿದ, ಆದರೆ ಉತ್ತರಕ್ಕೆ ಕಾದ.

ಗಿರಿಜಾಗೆ ಕಣ್ಣು ಸೂಕ್ಷ್ಮ. ಅವಳು ನೇರವಾಗಿ ನಂಜುಂಡಯ್ಯನವರ ಬಳಿಗೆ ಹೋಗಿ ಅವನ ಬೆರಳು ನೆಟ್ಟಗಾಗುತ್ತಿಲ್ಲ ಎಂದು ಹೇಳಿದಳು. ಅವರು ಹಾಲ್ ಟಿಕೆಟ್ಟುಗಳಿಗೆ ಸಹಿ ಮಾಡುತ್ತಿದ್ದರು, ತಲೆ ಎತ್ತಲಿಲ್ಲ. ಪರೀಕ್ಷೆ ಹತ್ತಿರ ಬಂದಾಗ ಎಲ್ಲರ ಕೈಯೂ ಹಾಗೇ ಆಗುತ್ತದೆ, ಬಿಸಿನೀರಿನಲ್ಲಿ ಅದ್ದಲಿ ಎಂದರು. ಗುರುವಾಕ್ಯ ಪಾಲನೆಯಲ್ಲಿ ರಂಗ ಯಾರಿಗೂ ಕಡಿಮೆಯಲ್ಲ. ಮಗ್ಗಿನಲ್ಲಿ ನೀರು ಕಾಯಿಸಿ ಬಲಗೈ ಅದ್ದಿ ಕೂತ. ನಾನು ಅದೇ ನೀರಿಗೆ ಬೆರಳು ತಾಗಿಸಿ ಚೀರಿ ಹಿಂದಕ್ಕೆ ಎಳೆದುಕೊಂಡೆ; ಅವನು ನನ್ನನ್ನು ನೋಡಿದ, ತನ್ನ ಕೈಯನ್ನು ನೋಡಿದ, ನಿಧಾನವಾಗಿ ಎತ್ತಿದ. ಕೈ ಕೆಂಪಗೆ ಬೆಂದಿತ್ತು. ಈ ಸಲ ಶೌರ್ಯದ ಮಾತು ಬರಲಿಲ್ಲ. ಪ್ರಾಕ್ಟಿಕಲ್ಲಿಗೆ ಒಂದು ವಾರವಿತ್ತು. ಅದು ಮುಗಿದ ಕೂಡಲೇ ದೊಡ್ಡಾಸ್ಪತ್ರೆಗೆ ತೋರಿಸುವುದೆಂದು ಇಬ್ಬರೂ ಮಾತಾಡಿಕೊಂಡೆವು.

ಪರೀಕ್ಷೆಯ ದಿನ ಮಳೆಯ ಮೋಡ ಕಟ್ಟಿ, ಗಾಳಿ ನಿಂತು, ಹಾಲಿನಲ್ಲಿ ಉಸಿರಾಡಲು ಫಾರ್ಮಲಿನ್ ಬಿಟ್ಟು ಬೇರೇನೂ ಇರಲಿಲ್ಲ. ಹೊರಗಿನಿಂದ ಬಂದಿದ್ದ ಪರೀಕ್ಷಕಿ ಮೈಸೂರು ಕಡೆಯವರು, ದಪ್ಪ ಕನ್ನಡಕ, ಸೀರೆಯ ಮೇಲೆ ಬಿಳಿ ಕೋಟು. ಆಕೆ ಬೆಳಗಿನಿಂದ ಮೇಜಿನ ಬಳಿ ಹೆಣದ ಮೇಲೆ ಪ್ರಶ್ನೆ ಕೇಳುತ್ತಿದ್ದರು. ಮೊದಲು ಹೋದವರ ಮೊಣಕೈ ಪ್ರಶ್ನೆಗಳನ್ನು ನಂಜುಂಡಯ್ಯನವರು ದೂರದಿಂದಲೇ ನಿರ್ವಹಿಸಿದ್ದರು. ನನ್ನ ಸರದಿಗೆ ಆಕೆ ಕೈ ತೊಳೆದು ಈ ಕಡೆ ಬಂದರು. ರಂಗ ಬೆಂದ ಅಂಗೈಗೆ ಬಟ್ಟೆ ಸುತ್ತಿ, ಇಸ್ತ್ರಿ ಮಾಡಿದ ಅಂಗಿ ತೊಟ್ಟು ನಿಂತಿದ್ದ.

ಅಲ್ನಾರ್ ನರ ತೋರಿಸಿ ಎಂದರು. ಬಲ ಮೊಣಕೈಯ ಹಿಂದೆ ಬೆರಳಿಟ್ಟೆ, ಸಿಕ್ಕಿತು, ತೋರಿಸಿದೆ. ಸರಿಯೋ ತಪ್ಪೋ ನೋಡಲು ಆಕೆ ತಮ್ಮ ಬೆರಳನ್ನು ನನ್ನ ಬೆರಳಿನ ಪಕ್ಕಕ್ಕೆ ತಂದಿಟ್ಟರು. ಆ ಬೆರಳು ಅಲ್ಲಿಂದ ಏಳಲಿಲ್ಲ. ಮೇಲಕ್ಕೆ ಸರಿಯಿತು, ಕೆಳಕ್ಕೆ ಸರಿಯಿತು. ಎಡಗೈ ಹಿಡಿದು ನೋಡಿದರು. ಮತ್ತೆ ಬಲಗೈಗೆ ಬಂದರು. ಗದ್ದ ಹಿಡಿದು ಅವನ ಮುಖವನ್ನು ಬಾಗಿಲ ಕಡೆ ತಿರುಗಿಸಿ ಕತ್ತು ನೋಡಿದರು.

"ಬೆಳಗಿನಿಂದ ನೋಡ್ತಿದೀನಿ, ಎಲ್ಲರೂ ಬಲಗೈಯಲ್ಲೇ ಯಾಕೆ ತೋರಿಸ್ತಿದೀರಿ?"

ಸಾಲಿನಲ್ಲಿ ನನ್ನ ಹಿಂದೆ ಗಿರಿಜಾ ಇದ್ದಳು. ಗೊತ್ತಿರುವ ಪ್ರಶ್ನೆಗೆ ಸುಮ್ಮನಿರುವುದು ಅವಳಿಗೆ ಆಗದು. "ಬಲಗಡೇದು ಚೆನ್ನಾಗಿ ಸಿಗುತ್ತೆ ಮೇಡಂ. ಎಡಗಡೇದು ಸ್ವಲ್ಪ ವೀಕು."

"ಎಡಗಡೇದು ಸರಿಯಾಗಿದೆ" ಎಂದರು ಆಕೆ.

ಹತ್ತಿಯ ಚೂರನ್ನು ಎಳೆ ಮಾಡಿಕೊಂಡು, ಅವನ ಕೈಯ ಬಟ್ಟೆ ಬಿಚ್ಚಿಸಿ, ಕಣ್ಣು ಮುಚ್ಚಿಕೊಳ್ಳಲು ಹೇಳಿದರು. ಮುಟ್ಟಿದಾಗೆಲ್ಲ ಹೂಂ ಅನ್ನಬೇಕು ಎಂದರು. ಕಿರುಬೆರಳಿನ ತುದಿಗೆ ಮುಟ್ಟಿಸಿದರು. ಬುಡಕ್ಕೆ ಮುಟ್ಟಿಸಿದರು. ಅಂಗೈಯ ಅಂಚಿನುದ್ದಕ್ಕೂ ಎಳೆದರು. ಪೆನ್ನಿನ ಮೊನೆಯಿಂದ ಒತ್ತಿದರು. ಫ್ಯಾನಿನ ಸದ್ದೊಂದೇ ಇತ್ತು. ರಂಗ ಆಜ್ಞಾಧಾರಕನಾಗಿ, ಕಣ್ಣು ಬಿಗಿಯಾಗಿ ಮುಚ್ಚಿ, ತಲೆಯನ್ನು ಸ್ವಲ್ಪ ವಾಲಿಸಿ ಕಾಯುತ್ತಿದ್ದ. ಎಷ್ಟೋ ಹೊತ್ತಿನ ಮೇಲೆ ಕೇಳಿದ:

"ಇನ್ನೂ ಶುರು ಮಾಡ್ಲಿಲ್ವಾ ಮೇಡಂ?"



ಆಕೆ ನಂಜುಂಡಯ್ಯನವರನ್ನು ಹತ್ತಿರ ಕರೆದರು. ಆ ವರ್ಷ ಮೊದಲ ಬಾರಿಗೆ ಅವರು ಕುರ್ಚಿಯಿಂದೆದ್ದು ಬಂದು ಬದುಕಿರುವವನೊಬ್ಬನ ಮೊಣಕೈ ಹಿಡಿದರು. ಹಿಡಿದು ಬಹಳ ಹೊತ್ತು ನಿಂತರು. "ಇದು ನಾರ್ಮಲ್ ಅಲ್ಲ" ಎಂದರು. ಯಾರಿಗೂ ಹೇಳಿದಂತಿರಲಿಲ್ಲ.

ಪರೀಕ್ಷಕಿ ರಂಗನನ್ನು ಸ್ಟೂಲಿನ ಮೇಲೆ ಕೂರಿಸಿ, ತಾವೂ ಎದುರಿಗೆ ಕೂತು, ತಗ್ಗಿದ ದನಿಯಲ್ಲಿ ಕಾಯಿಲೆಯ ಹೆಸರು ಹೇಳಿದರು. ಕುಷ್ಠ. ಹೆದರುವ ಕಾಲ ಹೋಯಿತು, ಒಳ್ಳೆಯ ಔಷಧವಿದೆ, ಸರ್ಕಾರಿ ಆಸ್ಪತ್ರೆಯಲ್ಲಿ ಸುಮ್ಮನೆ ಕೊಡುತ್ತಾರೆ, ಮಾತ್ರೆ ತಪ್ಪಿಸಬಾರದು, ಅದು ಮೊದಲು ನರದಲ್ಲಿ ಕೂತು ನರವನ್ನು ದಪ್ಪ ಮಾಡುತ್ತದೆ, ಆಮೇಲೆ ಕೊಲ್ಲುತ್ತದೆ ಎಂದೆಲ್ಲ ಬಿಡಿಸಿ ಹೇಳಿದರು. ಅವನು ಎಲ್ಲಕ್ಕೂ ತಲೆಯಾಡಿಸಿ ಒಂದೇ ಮಾತು ಕೇಳಿದ.

"ಕೈ ವಾಪಸ್ ಬರ್ತದಾ ಮೇಡಂ?"

"ಈಚೆಗೆ ಕೆಟ್ಟಿದ್ರೆ ಬರುತ್ತಪ್ಪ. ಆರು ತಿಂಗಳು ದಾಟಿದ್ರೆ ಕಷ್ಟ. ಈ ನರ ಯಾವಾಗಿನಿಂದ ಹೀಗಿದೆ?"

ರಂಗ ನಮ್ಮ ಕಡೆ ನೋಡಿದ. ತನ್ನ ಮೊಣಕೈ ತನಗಿಂತ ನಮಗೇ ಹೆಚ್ಚು ಗೊತ್ತು ಎಂಬಂತೆ. ಗೊತ್ತೂ ಇತ್ತು. ಉತ್ತರ ಹೇಳಿದವಳು ಗಿರಿಜಾಳೇ.

"ಮೊದಲ್ನೇ ದಿನದಿಂದ್ಲೂ ಹೀಗೇ ಇದೆ ಮೇಡಂ. ನಾವೆಲ್ಲ ಕಲ್ತಿದ್ದೇ ಅದ್ರಲ್ಲಿ."

ಆಕೆ ಕನ್ನಡಕ ತೆಗೆದು ಸೆರಗಿನಿಂದ ಒರೆಸಿಕೊಂಡರು. ಆಮೇಲೆ ನನ್ನನ್ನು ನೋಡಿ, ನಿಮ್ಮದು ಆಯಿತು, ನರ ಸರಿಯಾದ ಜಾಗದಲ್ಲೇ ತೋರಿಸಿದ್ದೀರಿ ಎಂದು ನಂಬರು ಬರೆದುಕೊಂಡರು. ಉಳಿದವರಿಗೆ ಬೇರೆ ಮಾಡೆಲ್ ನಿಲ್ಲಿಸಿದರು. ಗಿರಿಜಾ ಸೇರಿದಂತೆ ಹಲವರಿಗೆ ಆ ಹೊಸ ಮಾಡೆಲ್ಲಿನ ಮೊಣಕೈಯಲ್ಲಿ ನರ ಸಿಗಲಿಲ್ಲ. ಅಷ್ಟು ಸಣ್ಣದನ್ನು ಹುಡುಕಿ ಅವರಿಗೆ ಅಭ್ಯಾಸವಿರಲಿಲ್ಲ.

ಸಂಜೆ ಮಳೆ ಸುರಿಯಿತು. ವರ್ಷವಿಡೀ ಆ ಕೈ ಹಿಡಿದವರೆಲ್ಲ ಹಿತ್ತಲ ನಲ್ಲಿಯ ಬಳಿ ಸಾಲು ನಿಂತು, ಒಬ್ಬರ ಮುಖ ಒಬ್ಬರು ನೋಡದೆ, ಕೆಂಪು ಸೋಪು ಸವೆಯುವವರೆಗೂ ಕೈ ತೊಳೆದರು. ಮುಟ್ಟಿದ್ದರಿಂದ ಆಗುವುದೇನೂ ಇಲ್ಲವೆಂದು ಪರೀಕ್ಷಕಿ ಬಿಡಿಸಿ ಹೇಳಿ ಹೋಗಿದ್ದರು. ರಂಗ ಮೆಟ್ಟಿಲ ಮೇಲೆ ಕೂತು ಅದನ್ನು ನೋಡುತ್ತಿದ್ದ. ಬಲಗೈ ಜೇಬಿನಲ್ಲಿರಲಿಲ್ಲ, ಇನ್ನು ಅಡಗಿಸುವ ಅಗತ್ಯವಿರಲಿಲ್ಲ.

ಮರುದಿನ ಅವನೊಂದಿಗೆ ದೊಡ್ಡಾಸ್ಪತ್ರೆಗೆ ಹೋದೆ. ಮಾತ್ರೆ ಕೊಟ್ಟರು. ನರದ ಬಾವು ಇಳಿಯಲೆಂದು ಬೇರೆ ಮಾತ್ರೆಯನ್ನೂ ಕೊಟ್ಟರು. ಮಾತ್ರೆಗೆ ಅವನ ಮೈ ಬಣ್ಣ ಕಪ್ಪಿಟ್ಟಿತು, ಮೂತ್ರ ಕೆಂಪಾಯಿತು. ಒಂದು ದಿನವೂ ತಪ್ಪಿಸಲಿಲ್ಲ. ಹಾಗಲವಾಡಿಯಲ್ಲಿ ಅವನ ತಾಯಿ ಕೇಳಿದವರಿಗೆ ನರದ ತೊಂದರೆ ಎಂದಷ್ಟೇ ಹೇಳಿದರು, ಅದು ಸುಳ್ಳೂ ಅಲ್ಲ. ನಂಜುಂಡಯ್ಯನವರು ಮುಂದಿನ ವರ್ಷ ಪಾಠಕ್ಕೆ ಬರಲಿಲ್ಲ.

ರಂಗಸ್ವಾಮಿ ನಮಗಿಂತ ಒಂದು ವರ್ಷ ತಡವಾಗಿ ಕೋರ್ಸು ಮುಗಿಸಿದ. ಕಾಯಿಲೆ ಪೂರ್ತಿ ಗುಣವಾಯಿತು. ಬಲಗೈಯ ಕಿರುಬೆರಳೂ ಉಂಗುರಬೆರಳೂ ನೆಟ್ಟಗಾಗಲಿಲ್ಲ.